ಮೊದಲ ಪಂದ್ಯದಲ್ಲೇ ನೋ-ಹಿಟ್ಟರ್, ಒಟ್ಟು ಎಂಟೇ ಪಂದ್ಯ: ಬಂಪಸ್ ಜೋನ್ಸ್‌ಗೆ ಏನಾಯಿತು?

ಪ್ರಶ್ನೆ: ನಮ್ಮ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಮೊಮ್ಮಗನ ಪಕ್ಕ ಕೂತು ನೋಡಿ ನೋಡಿ ನನಗೂ ಬೇಸ್‌ಬಾಲ್ ರುಚಿ ಹತ್ತಿದೆ. ಮೊನ್ನೆ ಅವನು ಬಂಪಸ್ ಜೋನ್ಸ್ ಅನ್ನೋ ಹಳೆಯ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯೋ ಆಟಗಾರ) ಬಗ್ಗೆ ಹೇಳಿದ. 1892ರಲ್ಲಿ ಮೇಜರ್ ಲೀಗ್‌ಗೆ ಬಂದ ಮೊದಲ ಪಂದ್ಯದಲ್ಲೇ ಒಂದೂ ಹಿಟ್ ಕೊಡಲಿಲ್ಲವಂತೆ, ಮರುವರ್ಷವೇ ಆಟ ಮುಗಿಯಿತಂತೆ. ಪಿಚಿಂಗ್ ದೂರವನ್ನು ಹತ್ತು ಅಡಿ ಹೆಚ್ಚಿಸಿದ್ದೇ ಕಾರಣ ಅಂತ ಮೊಮ್ಮಗ. ಒಂದು ದಿನದ ಅದೃಷ್ಟ ಅಷ್ಟೇ ಅಂತ ನಾನು. ನಮ್ಮ ಜಗಳ ನೀವೇ ಬಗೆಹರಿಸಬೇಕು.

ಉತ್ತರ: ನಾನು ಮೊಮ್ಮಗನ ಕಡೆಗೆ ಸ್ವಲ್ಪ ಜಾಸ್ತಿ ವಾಲುತ್ತೇನೆ. ಆದರೆ ಅವನ ಲೆಕ್ಕದಲ್ಲಿ ಒಂದು ತಪ್ಪಿದೆ. ದೂರ ಹೆಚ್ಚಿದ್ದು ಹತ್ತು ಅಡಿಯಲ್ಲ, ಐದು ಅಡಿ. ಬಹಳ ಜನ ಬಲ್ಲವರೂ ಇಲ್ಲಿ ಎಡವುತ್ತಾರೆ. ಅದನ್ನು ಬಿಡಿಸಿ ನೋಡಿದರೆ ಜೋನ್ಸ್ ಕಥೆಯೂ ಬೇರೆಯದಾಗಿ ಕಾಣುತ್ತದೆ.

ಮೊದಲು ಆ ದಿನದ ವಿಷಯ. ಚಾರ್ಲ್ಸ್ ಲಿಯಾಂಡರ್ ಜೋನ್ಸ್ ಹುಟ್ಟಿದ್ದು 1870ರ ಜನವರಿ 1ರಂದು, ಒಹಾಯೊ ರಾಜ್ಯದ ಸೀಡರ್‌ವಿಲ್ ಅನ್ನೋ ಸಣ್ಣ ಊರಿನಲ್ಲಿ. ‘ಬಂಪಸ್’ ಅನ್ನೋದು ಅಡ್ಡಹೆಸರು, ಈಗ ಪುಸ್ತಕಗಳಲ್ಲಿ ಅದೇ ಉಳಿದಿದೆ. ಸಿನ್ಸಿನಾಟಿ ರೆಡ್ಸ್ ತಂಡಕ್ಕೆ ಬಂದಾಗ 22 ವರ್ಷ. ಅವರ ಕೈಗೆ ಚೆಂಡು ಸಿಕ್ಕಿದ್ದು 1892ರ ಅಕ್ಟೋಬರ್ 15ರಂದು, ಆ ವರ್ಷದ ಆಟದ ಕಟ್ಟಕಡೆಯ ದಿನ. ಎದುರಿಗೆ ಪಿಟ್ಸ್‌ಬರ್ಗ್.

ಕಡೆಯ ದಿನ ಅನ್ನೋದು ಇಲ್ಲಿ ಮುಖ್ಯ. ಆ ವರ್ಷ ನ್ಯಾಷನಲ್ ಲೀಗ್ ಋತುವನ್ನು ಎರಡು ಭಾಗ ಮಾಡಿತ್ತು. ಮೊದಲ ಭಾಗ ಬಾಸ್ಟನ್ ಗೆದ್ದಿತ್ತು, ಎರಡನೆಯದು ಕ್ಲೀವ್‌ಲೆಂಡ್. ಪ್ರಶಸ್ತಿಗೆ ಅವರಿಬ್ಬರೇ ಆಡಬೇಕಿತ್ತು. ಸಿನ್ಸಿನಾಟಿಗೂ ಪಿಟ್ಸ್‌ಬರ್ಗ್‌ಗೂ ಅಂದು ಗೆದ್ದರೂ ಸೋತರೂ ಏನೂ ಬದಲಾಗುತ್ತಿರಲಿಲ್ಲ. ಹೊಸ ಹುಡುಗನನ್ನು ಪರೀಕ್ಷೆ ಮಾಡಲು ಅದಕ್ಕಿಂತ ಒಳ್ಳೆಯ ದಿನ ಎಲ್ಲಿ ಸಿಗುತ್ತದೆ? ಸಿನ್ಸಿನಾಟಿಯ ಮ್ಯಾನೇಜರ್ ಚಾರ್ಲ್ಸ್ ಕೊಮಿಸ್ಕಿ. ಮುಂದೆ ಷಿಕಾಗೊ ವೈಟ್ ಸಾಕ್ಸ್ ತಂಡ ಕಟ್ಟಿದ ಅದೇ ಕೊಮಿಸ್ಕಿ.

ಜೋನ್ಸ್ ಅಂದು ಒಂಬತ್ತು ಇನ್ನಿಂಗ್ಸ್, ಅಂದರೆ ಇಡೀ ಪಂದ್ಯ, ತಾವೇ ಎಸೆದರು. ಪಿಟ್ಸ್‌ಬರ್ಗ್‌ಗೆ ಒಂದೇ ಒಂದು ಹಿಟ್ ಸಿಗಲಿಲ್ಲ. ನಾಲ್ಕು ಜನಕ್ಕೆ ವಾಕ್ ಕೊಟ್ಟರು, ಅಂದರೆ ನಾಲ್ಕು ತಪ್ಪು ಎಸೆತ ಎಸೆದು ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್ ಬಿಟ್ಟುಕೊಟ್ಟರು. ಫೀಲ್ಡಿಂಗ್ ತಪ್ಪಿನಿಂದ ಒಂದು ರನ್ ಹೋಯಿತು. ಸಿನ್ಸಿನಾಟಿ 7-1ರಿಂದ ಗೆದ್ದಿತು. ಇದನ್ನೇ ನೋ-ಹಿಟ್ಟರ್ ಅನ್ನುತ್ತಾರೆ. ರನ್ ಹೋದರೂ ನೋ-ಹಿಟ್ಟರ್ ಆಗುತ್ತದೆಯೇ ಅಂತ ಹೊಸಬರು ಕೇಳುತ್ತಾರೆ. ಆಗುತ್ತದೆ. ಬ್ಯಾಟ್‌ನಿಂದ ಹೊಡೆದು ಯಾರೂ ಸುರಕ್ಷಿತವಾಗಿ ಬೇಸ್ ತಲುಪಿರಬಾರದು, ಅಷ್ಟೇ ಲೆಕ್ಕ.

ಅದೃಷ್ಟ ಅಂತ ನೀವು ಹೇಳಿದ್ದಕ್ಕೆ ಇಲ್ಲೇ ಒಂದು ಮಾತು. ಕಡೆಯ ದಿನ, ಯಾರಿಗೂ ಗುರಿಯಿಲ್ಲದ ಪಂದ್ಯ, ಬ್ಯಾಟರ್‌ಗಳು ಹಿಂದೆಂದೂ ನೋಡಿರದ ಕೈ. ಇವೆಲ್ಲ ಅವರ ಪರವಾಗಿಯೇ ಇದ್ದವು, ಒಪ್ಪುತ್ತೇನೆ. ಆದರೆ ಪಿಟ್ಸ್‌ಬರ್ಗ್ ಸೋತು ಸುಣ್ಣವಾದ ತಂಡವಾಗಿರಲಿಲ್ಲ. ಆ ವರ್ಷ 80 ಗೆದ್ದು 73 ಸೋತು, ಹನ್ನೆರಡು ತಂಡಗಳಲ್ಲಿ ಆರನೆಯ ಸ್ಥಾನದಲ್ಲಿತ್ತು. ಸಿನ್ಸಿನಾಟಿ ಅದರ ಒಂದೇ ಮೆಟ್ಟಿಲು ಮೇಲೆ, ಐದನೆಯದು. ಅಂಥ ತಂಡಕ್ಕೆ ಒಂಬತ್ತು ಇನ್ನಿಂಗ್ಸ್ ಪೂರ್ತಿ ಒಂದೂ ಹಿಟ್ ಕೊಡದಿರಲು ಕೈಯಲ್ಲಿ ಏನೋ ಇರಲೇಬೇಕು. ಬರೀ ಅದೃಷ್ಟ ಎರಡು ಮೂರು ಇನ್ನಿಂಗ್ಸ್‌ಗೆ ಬಂದೀತು.

ಮತ್ತೆ, ಅವರು ಮಾಡಿದ್ದನ್ನು ಬೇರೆ ಯಾರೂ ಇಂದಿಗೂ ಮಾಡಿಲ್ಲ. ತೀರಾ ಮೊದಲ ಸಲ ಮೇಜರ್ ಲೀಗ್ ಮೈದಾನಕ್ಕೆ ಇಳಿದ ದಿನವೇ ನೋ-ಹಿಟ್ಟರ್ ಎಸೆದವರು ಜೋನ್ಸ್ ಒಬ್ಬರೇ. ಹತ್ತಿರ ಬಂದವರು ಮೂವರಿದ್ದಾರೆ. ಆ ಮೂವರೂ ಪಂದ್ಯದ ಮೊದಲ ಎಸೆತದಿಂದ ಆಡಿದ್ದು ಅದೇ ಮೊದಲ ಸಲ. ಆದರೆ ಅದಕ್ಕೂ ಮುಂಚೆ, ಬೇರೆ ಪಿಚರ್ ದಣಿದಾಗ ಅವರ ಜಾಗಕ್ಕೆ ಬಂದು ಎಸೆದಿದ್ದರು. ಅವರಿಗೆ ದೊಡ್ಡ ಮೈದಾನದ ಗದ್ದಲ ಆಗಲೇ ಗೊತ್ತಿತ್ತು. ಜೋನ್ಸ್‌ಗೆ ಅದೂ ಇರಲಿಲ್ಲ. ದಿನಾಂಕದ ದಾಖಲೆಯೂ ಅವರದೇ. ಋತುವಿನ ಮಾಮೂಲಿ ಪಂದ್ಯಗಳಲ್ಲಿ ಅಕ್ಟೋಬರ್ 15ಕ್ಕಿಂತ ತಡವಾಗಿ ಯಾರೂ ನೋ-ಹಿಟ್ಟರ್ ಎಸೆದಿಲ್ಲ.

ಈಗ ಐದು ಅಡಿಯ ಲೆಕ್ಕಕ್ಕೆ ಬರೋಣ. ಇದನ್ನು ನಿಧಾನವಾಗಿ ಹೇಳುತ್ತೇನೆ, ಮೊಮ್ಮಗನಿಗೂ ತೋರಿಸಿ.

1892ರವರೆಗೆ ಪಿಚರ್ ಈಗಿನಂತೆ ಒಂದು ಪಟ್ಟಿಯ ಮೇಲೆ ಕಾಲಿಟ್ಟು ಎಸೆಯುತ್ತಿರಲಿಲ್ಲ. ನೆಲದ ಮೇಲೆ ಗೆರೆ ಎಳೆದ ಒಂದು ಬಾಕ್ಸ್ ಇರುತ್ತಿತ್ತು. ಅಗಲ 4 ಅಡಿ, ಉದ್ದ ಐದೂವರೆ ಅಡಿ. ಬ್ಯಾಟರ್ ನಿಲ್ಲೋ ಕಡೆಯ ಹೋಮ್ ಪ್ಲೇಟ್‌ನಿಂದ ಬಾಕ್ಸಿನ ಮುಂದಿನ ಗೆರೆಗೆ 50 ಅಡಿ. ಎಲ್ಲರೂ ಹೇಳೋ ಆ ‘50 ಅಡಿ’ ಇದೇ. ಆದರೆ 1887ರಿಂದ ಒಂದು ನಿಯಮವಿತ್ತು. ಪಿಚರ್ ಎಸೆಯುವಾಗ ಹಿಂದಿನ ಕಾಲು ಬಾಕ್ಸಿನ ಹಿಂದಿನ ಗೆರೆಯ ಮೇಲೇ ಇರಬೇಕು, ಮುಂದಕ್ಕೆ ಒಂದೇ ಹೆಜ್ಜೆ ಇಡಬೇಕು. ಅಂದರೆ ಅವರ ಕಾಲು ನಿಜವಾಗಿ ಇದ್ದದ್ದು 50 ಅಡಿಯಲ್ಲಲ್ಲ, 55 ಅಡಿ 6 ಇಂಚಿನಲ್ಲಿ.

1893ರಲ್ಲಿ ಬಾಕ್ಸ್ ಅಳಿಸಿಹೋಯಿತು. ಅದರ ಜಾಗಕ್ಕೆ 12 ಇಂಚು ಉದ್ದ, 4 ಇಂಚು ಅಗಲದ ಒಂದು ರಬ್ಬರ್ ಪಟ್ಟಿ ಬಂತು. ದೂರ 60 ಅಡಿ 6 ಇಂಚು. ಕಾಲಿನಿಂದ ಕಾಲಿಗೆ ಅಳೆದರೆ ಹೆಚ್ಚಿದ್ದು ಸರಿಯಾಗಿ 5 ಅಡಿ. ಆ ವಿಚಿತ್ರ ‘6 ಇಂಚು’ ಎಲ್ಲಿಂದ ಬಂತು ಅಂತ ಕೇಳಿದರೆ, ಅಳತೆ ಮಾಡಿದವರು 60 ಅಡಿ 0 ಇಂಚನ್ನು 6 ಇಂಚು ಅಂತ ತಪ್ಪಾಗಿ ಓದಿದರು ಅನ್ನೋ ಕಥೆ ಇದೆ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. 55 ಅಡಿ 6 ಇಂಚಿಗೆ 5 ಅಡಿ ಕೂಡಿಸಿ ನೋಡಿ, ಲೆಕ್ಕ ತಾನಾಗಿಯೇ ಸರಿ ಬರುತ್ತದೆ.

ನಮ್ಮ ಕ್ರಿಕೆಟ್ ಪಿಚ್ 22 ಗಜ, ಅಂದರೆ 66 ಅಡಿ. ಅದನ್ನು ಒಂದು ದಿನ ಬೆಳಿಗ್ಗೆ 72 ಅಡಿ ಮಾಡಿದರೆ ಬೌಲರ್ ಗತಿ ಏನಾಗಬಹುದು, ಯೋಚಿಸಿ. ಬೇಸ್‌ಬಾಲ್‌ನಲ್ಲಿ ಆಗಿದ್ದು ಹೆಚ್ಚುಕಡಿಮೆ ಅದೇ. ಗಂಟೆಗೆ 80 ಮೈಲಿ ವೇಗದ ಚೆಂಡು 5 ಅಡಿ ದಾಟಲು ಬೇಕಾಗೋದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಕೇಳಿದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಚೆಂಡು ಕೈಬಿಟ್ಟ ಮೇಲೆ ಬ್ಯಾಟರ್ ಹತ್ತಿರ ಇರೋ ಸಮಯವೇ ಅರ್ಧ ಸೆಕೆಂಡಿನ ಆಸುಪಾಸು. ಅದರೊಳಗೆ ನೋಡಬೇಕು, ತೀರ್ಮಾನ ಮಾಡಬೇಕು, ಬ್ಯಾಟ್ ಬೀಸಬೇಕು. ಅಂಥ ಕಡೆ ಆ ನಾಲ್ಕು ಭಾಗವೇ ಹಿಟ್‌ಗೂ ಔಟ್‌ಗೂ ನಡುವಿನ ಅಂತರ.

ನನಗೆ ದೂರಕ್ಕಿಂತ ಮುಖ್ಯ ಅನಿಸೋದು ಇನ್ನೊಂದಿದೆ, ಅದನ್ನು ಯಾರೂ ಜಾಸ್ತಿ ಹೇಳೋದಿಲ್ಲ. ಬಾಕ್ಸಿನ ಅಗಲ 4 ಅಡಿ ಇತ್ತಲ್ಲ, ಪಿಚರ್ ಒಂದು ಚೆಂಡನ್ನು ಎಡಮೂಲೆಯಿಂದ ಎಸೆದು, ಮುಂದಿನದನ್ನು ಬಲಮೂಲೆಯಿಂದ ಎಸೆಯಬಹುದಿತ್ತು. ಬ್ಯಾಟರ್‌ಗೆ ಚೆಂಡು ಬರೋ ದಿಕ್ಕೇ ಬದಲಾಗುತ್ತಿತ್ತು. ಪಟ್ಟಿ ಬಂದ ಮೇಲೆ ಆ 4 ಅಡಿ ಒಂದೇ ಅಡಿಗೆ ಇಳಿಯಿತು. ಕಾಲನ್ನು ಗೂಟಕ್ಕೆ ಕಟ್ಟಿ ಹಾಕಿದ ಹಾಗೆ. ಬಾಕ್ಸಿನ ಮೂಲೆ ಮೂಲೆ ಬಳಸಿ ಕೈ ಪಳಗಿಸಿಕೊಂಡವರು, ಅದೇ ಕೈಯಿಂದ ಹೊಸ ಆಟ ಕಲಿಯಬೇಕಾಯಿತು. ಅದೇ ವರ್ಷ ಬ್ಯಾಟ್‌ನ ನಿಯಮವೂ ಬದಲಾಗಿ, ಒಂದು ಕಡೆ ಚಪ್ಪಟೆ ಕೆತ್ತಿದ ಬ್ಯಾಟ್ ನಿಂತುಹೋಯಿತು. ಅದು ಪಿಚರ್‌ಗೆ ಕೊಂಚ ಅನುಕೂಲವೇ. ಆದರೆ ಐದು ಅಡಿಯ ಮುಂದೆ ಅದು ಲೆಕ್ಕಕ್ಕಿಲ್ಲ.

ಲೀಗ್ ಇದನ್ನು ಯಾಕೆ ಮಾಡಿತು? ಬ್ಯಾಟಿಂಗ್ ಸೊರಗಿತ್ತು. 1892ರಲ್ಲಿ ಇಡೀ ಲೀಗ್‌ನ ಬ್ಯಾಟಿಂಗ್ ಸರಾಸರಿ .245. ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 245 ಹಿಟ್. ಜನ ಹೊಡೆತ ನೋಡೋಕೆ ಬರುತ್ತಾರೆ. ನ್ಯೂಯಾರ್ಕ್ ಜೈಂಟ್ಸ್‌ನ ಏಮಸ್ ರೂಸಿ ಎಸೆತದ ವೇಗಕ್ಕೆ ಹೆದರಿಯೇ ದೂರ ಹೆಚ್ಚಿಸಿದರು ಅಂತಲೂ ಹೇಳುತ್ತಾರೆ. ಒಬ್ಬರಿಗಾಗಿ ಇಡೀ ಲೀಗ್ ನಿಯಮ ಬದಲಿಸಿತು ಅನ್ನೋದು ಅತಿ ಆಯಿತು. ಆದರೆ ರೂಸಿಯಂಥವರ ಕೈಯಲ್ಲಿ ಬ್ಯಾಟರ್‌ಗಳು ಸುಸ್ತಾಗಿದ್ದಂತೂ ನಿಜ. ದೂರ ಹೆಚ್ಚಿದ ಮೇಲೆ ಸರಾಸರಿ 1893ರಲ್ಲಿ .280ಕ್ಕೆ ಏರಿತು, 1894ರಲ್ಲಿ .309ಕ್ಕೆ.

ನೋ-ಹಿಟ್ಟರ್‌ಗಳ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟ. 1892ರಲ್ಲೇ ಮೂರು ಬಂದಿದ್ದವು. ಬಾಸ್ಟನ್‌ನ ಜ್ಯಾಕ್ ಸ್ಟೈವೆಟ್ಸ್, ಲೂಯಿವಿಲ್‌ನ ಬೆನ್ ಸ್ಯಾಂಡರ್ಸ್, ಆಮೇಲೆ ಜೋನ್ಸ್. ಹಳೆಯ ದೂರದಿಂದ ಎಸೆದ ಕೊನೆಯ ನೋ-ಹಿಟ್ಟರ್ ಜೋನ್ಸ್‌ದೇ. ಹೊಸ ದೂರದಿಂದ ಮೊದಲನೆಯದು ಬಂದದ್ದು 1893ರ ಆಗಸ್ಟ್ 16ರಂದು, ಬಾಲ್ಟಿಮೋರ್‌ನ ಬಿಲ್ ಹಾಕ್ ಕೈಯಿಂದ. ಆಮೇಲೆ? ನಾಲ್ಕು ವರ್ಷ ಒಂದೂ ಇಲ್ಲ. 1897ರ ಸೆಪ್ಟೆಂಬರ್‌ನಲ್ಲಿ ಸೈ ಯಂಗ್ ಎಸೆಯೋವರೆಗೂ ಆ ಪಟ್ಟಿ ಖಾಲಿ. ಆ ಖಾಲಿ ಜಾಗ ನೋಡಿದಾಗಲೆಲ್ಲ ನನಗೆ ಜೋನ್ಸ್ ನೆನಪಾಗುತ್ತಾರೆ. ಒಂದು ಕಾಲದ ಬಾಗಿಲು ಮುಚ್ಚೋ ದಿನ ಅವರು ಒಳಗೆ ಬಂದಿದ್ದರು.

1893ರ ಅವರ ಅಂಕಿಗಳನ್ನು ಹೇಳಲು ಮನಸ್ಸಿಗೆ ನೋವಾಗುತ್ತದೆ, ಆದರೂ ಹೇಳಬೇಕು. ಸಿನ್ಸಿನಾಟಿಗೆ ಆರು ಪಂದ್ಯ, ಆಮೇಲೆ ಜೈಂಟ್ಸ್‌ಗೆ ಒಂದೇ ಒಂದು. ಆ ಏಳು ಪಂದ್ಯಗಳಲ್ಲಿ 1 ಗೆಲುವು, 4 ಸೋಲು. 32⅔ ಇನ್ನಿಂಗ್ಸ್‌ನಲ್ಲಿ ಅವರ ಎಸೆತಕ್ಕೇ ಸಲ್ಲಬೇಕಾದ ರನ್ 37. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಅಂತ ಲೆಕ್ಕ ಹಾಕೋ ಇಆರ್‌ಎ 10.19. ಮೊದಲ ದಿನದ ಆ ಸೊನ್ನೆಯನ್ನೂ ಸೇರಿಸಿದರೆ ಇಡೀ ವೃತ್ತಿಯದ್ದು ಹೀಗಿದೆ: 8 ಪಂದ್ಯ, 2 ಗೆಲುವು, 4 ಸೋಲು, ಇಆರ್‌ಎ 7.99. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನನ್ನು ಔಟ್ ಮಾಡಿದ್ದು, ಹತ್ತೇ ಹತ್ತು. ಕೊಟ್ಟ ವಾಕ್‌ಗಳು ಅದಕ್ಕಿಂತ ಬಹಳ ಜಾಸ್ತಿ. (ಆ ಕಾಲದಲ್ಲಿ ಇಆರ್‌ಎ ಅನ್ನೋ ಅಳತೆಯನ್ನು ಲೀಗ್ ಅಧಿಕೃತವಾಗಿ ಇಡುತ್ತಿರಲಿಲ್ಲ. ಇವು ನಂತರದವರು ಹಳೆಯ ದಾಖಲೆ ಕೂಡಿಸಿ ತೆಗೆದ ಅಂಕಿಗಳು.)

ಹಾಗಾದರೆ ದೂರವೇ ಅವರನ್ನು ಮುಗಿಸಿತೇ? ಇಲ್ಲಿ ಮೊಮ್ಮಗನ ವಾದವನ್ನೂ ನಾನು ಪೂರ್ತಿ ಒಪ್ಪೋದಿಲ್ಲ. 1893ರಲ್ಲಿ ಇಡೀ ಲೀಗ್‌ನ ಇಆರ್‌ಎ 4.66. ಅಂದರೆ ಪೆಟ್ಟು ಎಲ್ಲರಿಗೂ ಬಿದ್ದಿತ್ತು, ಆದರೆ ಜೋನ್ಸ್‌ಗೆ ಅದರ ಎರಡು ಪಟ್ಟಿಗೂ ಮೀರಿ ಬಿತ್ತು. ಅದೇ ಹೊಸ ದೂರದಿಂದ ಸೈ ಯಂಗ್ ಆ ವರ್ಷ 34 ಪಂದ್ಯ ಗೆದ್ದರು. ಬಾಸ್ಟನ್‌ನ ಕಿಡ್ ನಿಕೊಲ್ಸ್ ಕೂಡ 34. ರೂಸಿ 1893ರಲ್ಲೂ 1894ರಲ್ಲೂ ಸ್ಟ್ರೈಕ್‌ಔಟ್‌ನಲ್ಲಿ ಲೀಗ್‌ಗೇ ಮೊದಲಿಗರು. ಇನ್ನೊಂದು ಕಡೆ ಷಿಕಾಗೊದ ಬಿಲ್ ಹಚಿಸನ್ ಅವರನ್ನು ನೋಡಿ. 1892ರಲ್ಲಿ ಅವರು 600ಕ್ಕೂ ಜಾಸ್ತಿ ಇನ್ನಿಂಗ್ಸ್ ಎಸೆದ ಗಟ್ಟಿ ಕೈ. ಮರುವರ್ಷ 16 ಗೆದ್ದು 24 ಸೋತರು, ಮತ್ತೆ ಮೊದಲಿನಂತೆ ಆಗಲೇ ಇಲ್ಲ.

ಹಚಿಸನ್ ಅವರನ್ನು ನೋಡಿದರೆ ಜೋನ್ಸ್ ಕಷ್ಟ ಅರ್ಥವಾಗುತ್ತದೆ. ಯಂಗ್, ನಿಕೊಲ್ಸ್, ರೂಸಿ ಅಷ್ಟು ಹೊತ್ತಿಗೆ ಮೂರು ನಾಲ್ಕು ವರ್ಷ ಮೇಜರ್ ಲೀಗ್ ಬ್ಯಾಟರ್‌ಗಳನ್ನು ಕಂಡವರು. ಕೈ ತಪ್ಪಿದರೂ ತಲೆ ಓಡಿಸಿ ದಾರಿ ಹುಡುಕಬಲ್ಲವರು. ಜೋನ್ಸ್ ಹತ್ತಿರ ಇದ್ದದ್ದು ಒಂದೇ ಪಂದ್ಯದ ಅನುಭವ, ಅದೂ ಈಗ ಇಲ್ಲದ ಬಾಕ್ಸಿನಿಂದ. ಚೆಂಡು ಹಿಡಿತಕ್ಕೆ ಬರೋದು ಅವರಿಗೆ ಮೊದಲೇ ಕಷ್ಟ. ನೋ-ಹಿಟ್ಟರ್ ದಿನವೂ ನಾಲ್ಕು ವಾಕ್ ಕೊಟ್ಟಿದ್ದರು, ನೆನಪಿದೆ ಅಲ್ವಾ? ಹಿಡಿತ ಕಮ್ಮಿ ಇರುವವರಿಗೆ ಐದು ಅಡಿ ದೂರ ಎಲ್ಲರಿಗಿಂತ ಜಾಸ್ತಿ ಭಾರ. ಹತ್ತಿರದಿಂದ ಅರ್ಧ ಇಂಚು ತಪ್ಪೋ ಚೆಂಡು ದೂರದಿಂದ ಇನ್ನಷ್ಟು ತಪ್ಪುತ್ತದೆ. ಸ್ಟ್ರೈಕ್ ಬೀಳಲಿ ಅಂತ ಮೆಲ್ಲಗೆ ಎಸೆದರೆ ಹೊಡೆಯುತ್ತಾರೆ. ಜೋರಾಗಿ ಎಸೆದರೆ ವಾಕ್ ಆಗುತ್ತದೆ.

ಕಲಿಯಲು ಸಮಯ ಕೊಟ್ಟಿದ್ದರೆ? ನನ್ನ ಮಟ್ಟಿಗೆ ಇದೇ ನಿಜವಾದ ಪ್ರಶ್ನೆ, ಮತ್ತು ಉತ್ತರ ಮೈದಾನದ ಹೊರಗಿದೆ. 1890ರಲ್ಲಿ ಮೇಜರ್ ಲೀಗ್ ಅನ್ನಿಸಿಕೊಂಡವು ಮೂರಿದ್ದವು, ತಂಡಗಳು 24. ಆ ವರ್ಷವೇ ಆಟಗಾರರು ತಾವೇ ಕಟ್ಟಿಕೊಂಡಿದ್ದ ಲೀಗ್ ಮುಚ್ಚಿತು. 1891ರ ಕೊನೆಗೆ ಅಮೆರಿಕನ್ ಅಸೋಸಿಯೇಷನ್ ಬಿದ್ದುಹೋಯಿತು, ಅದರ ನಾಲ್ಕು ತಂಡ ನ್ಯಾಷನಲ್ ಲೀಗ್‌ಗೆ ಸೇರಿದವು. 1892ಕ್ಕೆ ಉಳಿದದ್ದು ಒಂದೇ ಲೀಗ್, ಹನ್ನೆರಡು ತಂಡ. ಎರಡೇ ವರ್ಷದಲ್ಲಿ ಕೆಲಸಗಳು ಅರ್ಧಕ್ಕೆ ಇಳಿದಿದ್ದವು. ಒಂದು ತಂಡದಲ್ಲಿ ಈಗಿನಂತೆ ಹನ್ನೆರಡು ಹದಿಮೂರು ಪಿಚರ್‌ಗಳೂ ಇರಲಿಲ್ಲ. ಮೂರೋ ನಾಲ್ಕೋ ಜನ, ಅವರೇ ಎಲ್ಲ ಪಂದ್ಯವನ್ನೂ ಹೊರಬೇಕು. ಅಂಥಲ್ಲಿ ಸರಿಹೋಗುತ್ತಾನೆ ಅಂತ ಹುಡುಗನೊಬ್ಬನನ್ನು ಕೂರಿಸಿಕೊಂಡು ಕಾಯೋ ತಾಳ್ಮೆ ಯಾರಿಗಿತ್ತು? ಹೊರಗೆ ಸಾಲಿನಲ್ಲಿ ಕೆಲಸ ಕಳೆದುಕೊಂಡ ಪಳಗಿದ ಕೈಗಳು ನಿಂತಿದ್ದವು.

ಹಾಗಾಗಿ ನನ್ನ ತೀರ್ಪು ಇಷ್ಟು. ಜೋನ್ಸ್‌ಗೆ ಕೈಯಿತ್ತು. ಹಿಡಿತ ಇರಲಿಲ್ಲ. ಅದನ್ನು ಕಲಿಯಬೇಕಾದ ವರ್ಷದಲ್ಲೇ ನಿಲ್ಲೋ ಜಾಗ ಬದಲಾಯಿತು, ಕಾಯೋರೂ ಇರಲಿಲ್ಲ. ದೂರ ಬದಲಾಗದಿದ್ದರೆ ಅವರು ದೊಡ್ಡ ಪಿಚರ್ ಆಗುತ್ತಿದ್ದರೇ? ನನಗೆ ಹಾಗೆ ಅನಿಸೋದಿಲ್ಲ. ಆದರೆ ಏಳು ಪಂದ್ಯಕ್ಕೆ ಮುಗಿಯುತ್ತಿರಲಿಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಮೊದಲ ದಿನದ ವೈಭವಕ್ಕೂ ಮುಂದಿನ ದಾರಿಗೂ ಸಂಬಂಧ ಕಮ್ಮಿ ಅನ್ನೋದನ್ನು ಉಳಿದ ಮೂವರಲ್ಲೂ ನೋಡಬಹುದು. ಜೋನ್ಸ್‌ಗಿಂತ ಒಂದು ವರ್ಷ ಮುಂಚೆ, 1891ರ ಅಕ್ಟೋಬರ್ 4ರಂದು, ಸೇಂಟ್ ಲೂಯಿಸ್‌ನ ಟೆಡ್ ಬ್ರೈಟೆನ್‌ಸ್ಟೈನ್ ಇದೇ ರೀತಿ ಋತುವಿನ ಕಡೆಯ ದಿನ ಲೂಯಿವಿಲ್ ಮೇಲೆ ನೋ-ಹಿಟ್ಟರ್ ಎಸೆದರು. ಒಂದೇ ವಾಕ್, ಎದುರಿಸಿದ್ದು ಸರಿಯಾಗಿ 27 ಬ್ಯಾಟರ್‌ಗಳನ್ನು. ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ಗೆ ಮೂರು ಔಟ್, ಅದಕ್ಕಿಂತ ಕಮ್ಮಿ ಆಗೋದೇ ಇಲ್ಲ. ಅವರಿಗೂ ಆ ಐದು ಅಡಿ ಎದುರಾಯಿತು, ಅವರು ದಾಟಿದರು. 1901ರವರೆಗೆ ಆಡಿ 160 ಪಂದ್ಯ ಗೆದ್ದರು. 1898ರಲ್ಲಿ ಸಿನ್ಸಿನಾಟಿ ಪರ, ಅದೂ ಪಿಟ್ಸ್‌ಬರ್ಗ್ ಮೇಲೆಯೇ, ಇನ್ನೊಂದು ನೋ-ಹಿಟ್ಟರ್ ಎಸೆದರು.

1953ರ ಬೊಬೊ ಹಾಲೊಮನ್ ಕಥೆ ಜೋನ್ಸ್ ಕಥೆಯ ತಮ್ಮನ ಹಾಗಿದೆ. ಸೇಂಟ್ ಲೂಯಿಸ್ ಬ್ರೌನ್ಸ್ ಅವರನ್ನು ಬೇರೆಯವರು ದಣಿದಾಗ ಮಾತ್ರ ಕಳಿಸುತ್ತಿತ್ತು. ಮೇ 6ರಂದು ಮೊದಲ ಎಸೆತದಿಂದ ಆಡೋ ಅವಕಾಶ ಸಿಕ್ಕಿತು. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ಮೇಲೆ 6-0, ಒಂದೂ ಹಿಟ್ ಇಲ್ಲ. ಅಂದು ಬ್ಯಾಟಿನಿಂದಲೂ ಮೂರು ರನ್ ತರಿಸಿದರು. ವೃತ್ತಿಯಲ್ಲಿ ಅವರ ಬ್ಯಾಟಿನಿಂದ ಬಂದ ರನ್ ಅಷ್ಟೇ. ಒಂದು ಪಂದ್ಯವನ್ನು ಶುರುವಿನಿಂದ ಕೊನೆವರೆಗೆ ಅವರೇ ಎಸೆದು ಮುಗಿಸಿದ್ದೂ ಅದೊಂದೇ. ಅದೇ ಬೇಸಿಗೆಯಲ್ಲಿ ಕೆಳಗಿನ ಲೀಗ್‌ಗೆ ಕಳಿಸಿದರು. 3 ಗೆಲುವು, 7 ಸೋಲು, ಮತ್ತೆ ಬರಲಿಲ್ಲ. ಅವರ ಕಾಲದಲ್ಲಿ ಯಾರೂ ದೂರ ಬದಲಿಸಿರಲಿಲ್ಲ. ಅದಕ್ಕೇ ದೂರವೊಂದರ ಮೇಲೇ ತಪ್ಪು ಹೊರಿಸಬೇಡಿ ಅನ್ನೋದು. ಮೂರನೆಯವರು ಅರಿಜೋನಾದ ಟೈಲರ್ ಗಿಲ್ಬರ್ಟ್, 2021ರ ಆಗಸ್ಟ್ 14ರಂದು ಸ್ಯಾನ್ ಡಿಯಾಗೊ ಮೇಲೆ. ಮೊಮ್ಮಗನಿಗೆ ಆ ಪಂದ್ಯದ ದೃಶ್ಯ ಹುಡುಕಲು ಹೇಳಿ, ನೋಡೋಕೆ ಚೆಂದ.

1893ರ ನಂತರ ಜೋನ್ಸ್ ಹಲವು ವರ್ಷ ಮೈನರ್ ಲೀಗ್‌ಗಳಲ್ಲಿ ಆಡಿದರು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಮೇಜರ್ ಲೀಗ್ ಪುಸ್ತಕದಲ್ಲಿ ಒಂದು ಸಾಲು ಮುಗಿದರೆ ಆಟವೇ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಆ ಕಾಲದಲ್ಲಿ ನಡುನಾಡಿನ ಸಣ್ಣ ಪಟ್ಟಣಗಳ ಲೀಗ್‌ಗಳಲ್ಲೂ ಸಂಬಳ ಇತ್ತು, ಜನ ಸೇರುತ್ತಿದ್ದರು, ಆಟಗಾರನ ಹೆಸರು ಊರಿಗೆಲ್ಲ ಗೊತ್ತಿರುತ್ತಿತ್ತು. ಅವರು ಚೆಂಡು ಬಿಟ್ಟು ಮನೆಗೆ ಹೋಗಲಿಲ್ಲ. ಆ ಹೊಸ ಐದು ಅಡಿಯನ್ನು ದಾಟಿ ಎಸೆಯುತ್ತಲೇ ಇದ್ದರು. ಎಂಟು ಪಂದ್ಯದ ಲೆಕ್ಕ ನೋಡಿ ಅವರನ್ನು ಅಳೆಯುವ ಮುಂಚೆ ಈ ವರ್ಷಗಳನ್ನೂ ನೆನಪಿಡಿ.

ಕೊನೆಗೆ ಒಂದು ಕಾಕತಾಳೀಯ. 1938ರ ಜೂನ್ ತಿಂಗಳು. ಅದೇ ಸಿನ್ಸಿನಾಟಿ ರೆಡ್ಸ್‌ನ ಜಾನಿ ವ್ಯಾಂಡರ್ ಮೀರ್ ಜೂನ್ 11ರಂದು ಬಾಸ್ಟನ್ ಮೇಲೆ ನೋ-ಹಿಟ್ಟರ್ ಎಸೆದರು. ನಾಲ್ಕೇ ದಿನಕ್ಕೆ, ಜೂನ್ 15ರಂದು, ಬ್ರೂಕ್ಲಿನ್ ಮೈದಾನದ ಮೊಟ್ಟಮೊದಲ ರಾತ್ರಿ ಪಂದ್ಯದಲ್ಲಿ ಇನ್ನೊಂದು. ಬೆನ್ನುಬೆನ್ನಿಗೆ ಎರಡು. ಅದನ್ನೂ ಇಂದಿನವರೆಗೆ ಯಾರೂ ಮಾಡಿಲ್ಲ. ಅದಾಗಿ ಹತ್ತು ದಿನಕ್ಕೆ, ಜೂನ್ 25ರಂದು, ಹುಟ್ಟೂರು ಸೀಡರ್‌ವಿಲ್‌ಗೆ ಹತ್ತಿರದ ಜೀನಿಯಾ ಪಟ್ಟಣದಲ್ಲಿ ಬಂಪಸ್ ಜೋನ್ಸ್ ತೀರಿಕೊಂಡರು. ಆಗ ಅವರಿಗೆ 68 ವರ್ಷ.